ಎಡಗೈಯಲ್ಲಿ ಬರೆದ ಸಾಲು

ಐತ ಹೋಗಿ ಒಂದು ತಿಂಗಳಾಯಿತು. ಆಂಟಾಪ್ ಹಿಲ್ಲಿನ ನಮ್ಮ ಕನ್ನಡ ಸಂಘದವರು ಅವನ ಜೀವನಚರಿತ್ರೆ ಬರೆದುಕೊಡಿ ಎಂದು ನನ್ನ ಬೆನ್ನು ಹತ್ತಿದ್ದಾರೆ. ರಾತ್ರಿಶಾಲೆಯಲ್ಲಿ ಅವನಿಗೆ ಅಕ್ಷರ ಕಲಿಸಿದ ಮೇಷ್ಟ್ರು ನಾನು.

ಮೊದಲ ಸಲ ಹೀಗೆ ಬರೆದೆ: ‘ಕಾರ್ಕಳದ ಹತ್ತಿರ ಹುಟ್ಟಿ, ಮುಂಬಯಿಗೆ ಬಂದು, ಮಾಟುಂಗಾದ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಲೇ ಸಾಹಿತ್ಯಸೇವೆ ಮಾಡಿದ ಐತ ಅವರು 1974ರಲ್ಲಿ ಅಕಾಲಿಕವಾಗಿ ತೀರಿಕೊಂಡರು.’ ಹರಿದು ಹಾಕಿದೆ. ಬದುಕಿದ್ದಾಗ ‘ಏ ಐತ’, ಸತ್ತ ಮೇಲೆ ‘ಅವರು’. ನಾಚಿಕೆಯಾಗಬೇಕು ನಮಗೆ.

ಎರಡನೇ ಸಲ: ‘ಅವನಿಗೆ ಮನಸ್ಸಿನ ಕಾಯಿಲೆಯಿತ್ತು. ವಾರಗಟ್ಟಲೆ ನಿದ್ದೆಯಿಲ್ಲ, ಮಾತಿಲ್ಲ. ಭಾಂಡುಪಿನ ತಂಗಿಯ ಮನೆಯಲ್ಲಿ ತಾನಾಗಿ ಜೀವ ಕಳೆದುಕೊಂಡ.’ ಇದು ಸುಳ್ಳಲ್ಲ. ಆದರೆ ಇದರಲ್ಲಿ ನಾನು ಎಲ್ಲೂ ಇಲ್ಲ, ಜಾಣತನದಿಂದ ನುಣುಚಿಕೊಂಡಿದ್ದೇನೆ. ಅದನ್ನೂ ಹರಿದೆ.

ಇದು ಮೂರನೆಯದು.

ನಮ್ಮ ಸಂಘದ್ದು ಕೈಬರಹದ ಪತ್ರಿಕೆ, ತಿಂಗಳಿಗೆ ಒಂದೇ ಪ್ರತಿ. ಎಲ್ಲರ ಬರಹವನ್ನೂ ದುಂಡಗೆ ನಕಲು ಮಾಡುವವನು ನಾನು. ಅದು ಖೋಲಿಯಿಂದ ಖೋಲಿಗೆ, ಹೋಟೆಲಿನಿಂದ ಹೋಟೆಲಿಗೆ ತಿರುಗುತ್ತದೆ. ಕೊನೆಯ ನಾಲ್ಕು ಪುಟ ಖಾಲಿ. ಓದಿದವರು ಹೆಸರು ಹಾಕದೆ ಅಲ್ಲಿ ಅಭಿಪ್ರಾಯ ಬರೆಯಬಹುದು.

ಕಳೆದ ವರ್ಷ ಐತ ಒಂದು ಕತೆ ಕೊಟ್ಟ. ಅದರಲ್ಲೊಬ್ಬ ರಾತ್ರಿಶಾಲೆಯ ಮೇಷ್ಟ್ರು. ಹೋಟೆಲಿನ ಗಲ್ಲೆಯಲ್ಲಿ ದುಡ್ಡೆಣಿಸುತ್ತ ಕೂರುವವರ ತಪ್ಪನ್ನು ತಿದ್ದುತ್ತಾನೆ, ರುಬ್ಬುವವರ ತಪ್ಪಿಗೆ ನಗುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನಗೆ. ಉರಿದುಹೋದೆ. ಕತೆಯನ್ನೇನೋ ನಕಲು ಮಾಡಿದೆ. ಆಮೇಲೆ ಗುರುತು ಸಿಗದಿರಲೆಂದು ಕೊನೆಯ ಪುಟದಲ್ಲಿ ಎಡಗೈಯಿಂದ ಬರೆದೆ: ‘ಹಿಟ್ಟು ಹುಳಿ ಬಂದರೆ ದೋಸೆಯಾದೀತು, ರುಬ್ಬುವವನ ಕತೆ ಹುಳಿ ಬಂದರೆ ಮೋರಿಗೆ.’

ಮಾತು ಎಲ್ಲ ಅಡುಗೆಮನೆಗಳಿಗೂ ಹಬ್ಬಿತು. ಐತನ ಮುಖ ಕಂಡರೆ ಸಾಕು, “ಏನಾ ಐತ, ಇವತ್ತು ಹುಳಿ ಬಂತಾ?” ನಾನೂ ಅವರ ಜೊತೆ ನಕ್ಕೆ. ಆ ಸಂಚಿಕೆ ಸಂಘಕ್ಕೆ ತಿರುಗಿ ಬರಲಿಲ್ಲ.

ಒಂದು ಸಾಲು ಮನುಷ್ಯನನ್ನು ಕೊಲ್ಲುವುದಿಲ್ಲ, ಗೊತ್ತು. ಅವನ ಸಂಕಟ ನನಗಿಂತ ಹಳೆಯದು. ಆದರೆ ಎರಡು ತಿಂಗಳು ಕಳೆದು ಅವನು ಇನ್ನೊಂದು ಕತೆ ತಂದ. “ಇದೊಂದು ನೋಡಿ ಮಾಸ್ಟ್ರೇ” ಎಂದ. ನೋಡೋಣ ಎಂದು ಟ್ರಂಕಿಗೆ ಹಾಕಿದವನು ತೆಗೆಯಲೇ ಇಲ್ಲ. ಮೂರು ಸಲ ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟ.

ಮೊನ್ನೆ ಅವನ ತಂಗಿ ವಾರಿಜಾ ಆ ಕಾಣೆಯಾದ ಸಂಚಿಕೆ ಹಿಡಿದು ಬಂದಳು.

“ಅಣ್ಣನ ಹಾಸಿಗೆ ಅಡಿಯಲ್ಲಿತ್ತು ಮಾಸ್ಟ್ರೇ. ನಿಮ್ಮದಲ್ವಾ, ಇಟ್ಕೊಳ್ಳಿ.”

ಅವಳು ಹೋದ ಮೇಲೆ ಕೊನೆಯ ಪುಟ ತೆರೆದೆ. ನನ್ನ ಸೊಟ್ಟ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಐತ ಬರೆದಿದ್ದ: ‘ಎಡಗೈ ನೋಯಲಿಲ್ಲವಾ ಮಾಸ್ಟ್ರೇ?’ ಪಕ್ಕದಲ್ಲಿ ತಾರೀಕು. ಬರೆದದ್ದಕ್ಕೆಲ್ಲ ತಾರೀಕು ಹಾಕಬೇಕೆಂದು ಕಲಿಸಿದವನು ನಾನೇ. ಅದು ಎರಡನೇ ಕತೆ ಕೊಡುವುದಕ್ಕೆ ಮೊದಲಿನ ತಾರೀಕು.

ಅಂದರೆ ಎಲ್ಲ ಗೊತ್ತಿದ್ದೂ ಅವನು ಆ ಕತೆಯನ್ನು ನನ್ನ ಕೈಗೇ ಕೊಟ್ಟಿದ್ದ.

ಇವತ್ತು ಟ್ರಂಕಿನಿಂದ ತೆಗೆದು ಬಲಗೈಯಲ್ಲಿ ನಕಲು ಮಾಡಿದೆ. ನಾಲ್ಕೇ ಪುಟ. ಒಂದು ಗಂಟೆಯೂ ಹಿಡಿಯಲಿಲ್ಲ.