ತೂಕಕ್ಕೆ ತಕ್ಕ ಚೆಕ್ಕು

ನಮ್ಮತ್ತೆಗೆ ತಕ್ಕಡಿ ಕಂಡರೆ ಮೊದಲಿಂದಲೂ ಅನುಮಾನ. ಸಾತನೂರು ಕಡೆಯ ನಮ್ಮೂರಿಂದ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಒಯ್ದು, ತೂಕ ಹಾಕಿಸಿ, ತೂಕಕ್ಕೆ ತಕ್ಕ ದುಡ್ಡು ತಂದು ತಂದು, ಲೋಕದ ವ್ಯವಹಾರವೆಲ್ಲ ಹೀಗೇ ನಡೆಯುತ್ತದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ನನಗೆ ಎರಡನೆಯ ಮಗಳು ಹುಟ್ಟಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ. ಬಡ ಬಾಣಂತಿಯರಿಗೆ ಸರ್ಕಾರ ಆಗ ಹೆರಿಗೆ ದುಡ್ಡು ಕೊಡುತ್ತಿತ್ತು. ನರ್ಸಮ್ಮ ಕೂಸನ್ನು ತಕ್ಕಡಿಗೆ ಹಾಕಿ, "ಎರಡು ಕೆಜಿಗೂ ಕಮ್ಮಿ ಇದೆ. ಮೂರು ವಾರ ಬಿಟ್ಟು ಕರ್ಕೊಂಡ್ ಬನ್ನಿ, ತೂಕ ನೋಡ್ಬೇಕು. ಚೆಕ್ಕೂ ಅವತ್ತೇ ಕೊಡ್ತೀವಿ" ಅಂದರು. ಅತ್ತೆಯ ತಲೆಯಲ್ಲಿ ತೂಕವೂ ಚೆಕ್ಕೂ ಅಲ್ಲೇ ಗಂಟು ಬಿದ್ದವು.

"ಇನ್ನೊಂದ್ ಕಿತ ತೂಗ್ರಮ್ಮ, ಬಟ್ಟೆ ಸುತ್ತಿ ತೂಗಿ! ಇಷ್ಟ್ ಅಗುರಕ್ಕೆ ಸರ್ಕಾರದೋರು ಏನ್ ಕೊಟ್ಟಾರು?" ಎಂದು ಜಗಳಕ್ಕೇ ನಿಂತರು.

ನರ್ಸಮ್ಮ ನನ್ನ ಮುಖ ನೋಡಿದರು. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಎಲ್ಲರಿಗೂ ಒಂದೇ ಮೊತ್ತ ಎಂದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ, ನರ್ಸಮ್ಮನಿಗೂ ಹೇಳಬೇಡಿ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಕೂಸನ್ನು ಬೆಚ್ಚಗಿಡಬೇಕು, ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು, ಇಲ್ಲದಿದ್ದರೆ ಉಳಿಯುವುದು ಕಷ್ಟ ಎಂದು ನರ್ಸಮ್ಮ ನನಗೆ ಬೆಳಿಗ್ಗೆಯೇ ಹೇಳಿದ್ದರು. ಗಂಡ ಬಿಡದಿಯ ಫ್ಯಾಕ್ಟರಿಯಲ್ಲಿ, ಮನೆಗೆ ಬರುವುದು ಭಾನುವಾರ ಮಾತ್ರ. ಮನೆಯಲ್ಲಿ ನಡೆಯುವುದು ಅತ್ತೆಯ ಮಾತು. ಆ ಅತ್ತೆ "ಇದೂ ಎಣ್ಣಾ?" ಅಂದು ಕೂಸನ್ನು ಮುಟ್ಟದೆ ವಾರ್ಡಿನಿಂದ ಹೊರಗೆ ಹೋಗಿದ್ದರು. ನನಗೆ ಹೆದರಿಕೆಯಾಗಿತ್ತು. ಈಗ ಚೆಕ್ಕಿನ ಆಸೆಗಾದರೂ ಎತ್ತಿಕೊಳ್ಳಲಿ ಅನ್ನಿಸಿತು. ಸುಮ್ಮನಿದ್ದುದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ. ಬರಿ ಎದೆಗೆ ಒತ್ತಿಕೊಂಡು ಕೂಸನ್ನು ಬೆಚ್ಚಗಿಡಿ ಎಂದು ನರ್ಸಮ್ಮ ಹೇಳಿದ್ದನ್ನು ಅತ್ತೆಗೆ ಹೇಗೆ ಒಪ್ಪಿಸುವುದೋ ಎಂದು ನಾನು ಚಿಂತೆಯಲ್ಲಿದ್ದರೆ, ಅವರು ನಕ್ಕುಬಿಟ್ಟರು. "ಮೊಟ್ಟೆ ಒಡ್ದು ಬಂದ ಮರಿಹುಳ ಸಾಕಿರೋಳ್ಗೆ ಇದ್ಯಾವ್ ಮಹಾ ಕಣಮ್ಮಿ! ತಣ್ಣಗಾದ್ರೆ ಮೇಯಾಕಿಲ್ಲ, ಮೇಯ್ದೆ ಇದ್ರೆ ತೂಕ ಬರಾಕಿಲ್ಲ." ನಾನು ಉಣ್ಣುವಾಗ, ಮಲಗುವಾಗ ಕೂಸು ಅವರ ಸೆರಗಿನೊಳಗೆ. ಗೋಡೆಗೊರಗಿ ಕೂತು ಅಲ್ಲಿಂದಲೇ ಕೋಳಿಗಳನ್ನು ಬೈಯುತ್ತಿದ್ದರು. ಎಣ್ಣೆ ತಿಕ್ಕಿ ನೀರೆರೆಯಲು ಬಂದ ಪಕ್ಕದ ಮನೆಯಾಕೆಯನ್ನು, "ಅಂಗೆ ತಿಕ್ಕುದ್ರೆ ಇರೋ ತೂಕವೂ ಕರ್ಗೋಯ್ತದೆ" ಎಂದು ಬಾಗಿಲಿಂದಲೇ ಅಟ್ಟಿದರು.

ಇನ್ನು ನಾನು? ನಾನು ಅವರ ಹುಳಕ್ಕೆ ಸೊಪ್ಪು ಕೊಡುವ ಹಿಪ್ಪುನೇರಳೆ ತೋಟ. ಬಾಣಂತಿ ನೀರು ಕುಡಿಯಬಾರದು ಎಂದು ನಮ್ಮ ತವರಲ್ಲಿ ಮೊದಲ ಹೆರಿಗೆಗೆ ಗುಟುಕು ಗುಟುಕಾಗಿ ಕೊಟ್ಟು ಸಾಯಿಸಿದ್ದರು. ಅತ್ತೆಯೂ ಅದೇ ಪಾಠ ಕಲಿತವರು. ಆದರೆ ಈ ಸಲ ಚೊಂಬುಗಟ್ಟಲೆ ಬಿಸಿನೀರು, ಮುದ್ದೆಯ ಮೇಲೆ ತುಪ್ಪ, ಎರಡು ದಿನಕ್ಕೊಮ್ಮೆ ಕೋಳಿಸಾರು. "ನೀರ್ ಬುಡ್ದೆ ತೋಟ ಚಿಗುರ್ತದಾ? ಕುಡಿ ಕುಡಿ" ಎಂದು ಎದುರಿಗೇ ಕೂರುತ್ತಿದ್ದರು. ಹೊಟ್ಟೆ ಬಿರಿದರೂ ಬಿಡುತ್ತಿರಲಿಲ್ಲ.

ಮೂರು ವಾರಕ್ಕೆ ಆಸ್ಪತ್ರೆಗೆ ಹೋದೆವು. ಅತ್ತೆ ಬಾಗಿಲಲ್ಲೇ ನನ್ನನ್ನು ಕೂರಿಸಿ, "ತೂಗೋಕ್ ಮುಂಚೆ ಇನ್ನೊಂದ್ ಒಸಿ ಕುಡ್ಸು" ಎಂದರು. ತಕ್ಕಡಿ ಎರಡು ಕೆಜಿ ದಾಟಿತು. ನನಗೆ ಅಳು ಬಂತು. ನರ್ಸಮ್ಮ ಚೆಕ್ಕು ಕೊಟ್ಟರು. ಪಕ್ಕದಲ್ಲಿ ಇನ್ನೊಬ್ಬ ಬಾಣಂತಿ ದುಂಡಗಿನ ಗಂಡುಕೂಸನ್ನು ಎತ್ತಿಕೊಂಡು ಚೆಕ್ಕು ಹಿಡಿದಿದ್ದಳು. "ಅದ್ಕೆಷ್ಟು ಬಂತವ್ವ?" ಎಂದು ಅತ್ತೆ ಕೇಳಿಯೇಬಿಟ್ಟರು.

ನರ್ಸಮ್ಮ ಇನ್ನು ಮುಚ್ಚಿಡಲಾಗದೆ, "ಎಲ್ಲಾ ಬಾಣಂತಿಗೂ ಒಂದೇ ಅಜ್ಜಿ. ತೂಕಕ್ಕೂ ದುಡ್ಡಿಗೂ ಸಂಬಂಧ ಇಲ್ಲ" ಅಂದರು.

ಅತ್ತೆ ತಮ್ಮ ಕೈಯಲ್ಲಿದ್ದ ಚೆಕ್ಕನ್ನೊಮ್ಮೆ, ಆ ಗಂಡುಕೂಸನ್ನೊಮ್ಮೆ ನೋಡಿದರು. ಕೂಸನ್ನು ಇಲ್ಲೇ ನನ್ನ ಮಡಿಲಿಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ ಎಂದುಕೊಂಡೆ.

"ಏನಂದ್ರಿ? ಆ ಗುಂಡ್ಗೂ ಅಷ್ಟೇ, ನನ್ ಮೊಮ್ಮಗ್ಳಿಗೂ ಅಷ್ಟೇನಾ?" ಆಸ್ಪತ್ರೆಯೆಲ್ಲ ತಿರುಗಿ ನೋಡುವಂತೆ ಅತ್ತೆ ಕೂಗಿದರು. "ಅವ್ನು ಉಟ್ತಾನೇ ಅಂಗ್ ಉಟ್ಟವ್ನೆ. ಇವ್ಳು ಸಾವಿನ್ ಬಾಯಿಂದ ತೂಕ ತಂದೌಳೆ ಕಣ್ರಮ್ಮ! ಇಟ್ಕಳ್ಳಿ ನಿಮ್ ಚೆಕ್ಕ!"

ಚೆಕ್ಕನ್ನು ಮೇಜಿನ ಮೇಲೆ ಬಿಸಾಕಿ, ಕೂಸನ್ನು ಸೆರಗಿನೊಳಗೆ ಇಳಿಸಿಕೊಂಡು ಅವರು ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು. ನಾನು ಚೆಕ್ಕು ಎತ್ತಿಕೊಂಡು ಹಿಂದೆ ಓಡಿದೆ.