ದೊಣ್ಣೆ ಮೇಷ್ಟ್ರ ಡ್ರೈವಿಂಗ್ ಪಾಠ

ದೊಣ್ಣೆ ಮೇಷ್ಟ್ರ ಹತ್ತಿರ ಕಾರು ಕಲಿತವರು ಎಲ್ಲೇ ಎದುರಾದರೂ ಮೊದಲು ಕೇಳುವುದು ಒಂದೇ ಮಾತು: ನಿನಗೆ ಎಲ್ಲಿ ಬಿದ್ದಿತ್ತು? ಒಬ್ಬನಿಗೆ ಮೊಣಕಾಲ ಚಿಪ್ಪಿನ ಮೇಲೆ, ಇನ್ನೊಬ್ಬನಿಗೆ ಬೆರಳ ಗೆಣ್ಣಿನ ಮೇಲೆ, ಮತ್ತೊಬ್ಬನಿಗೆ ಕಿವಿಯ ಹಿಂದೆ. ಕ್ಲಚ್ಚು ಪೂರ್ತಿ ಒತ್ತದಿದ್ದರೆ ಮೊಣಕಾಲು, ಗೇರು ಕಿರ್ರೆಂದರೆ ಗೆಣ್ಣು, ಕನ್ನಡಿ ನೋಡದೆ ತಿರುಗಿಸಿದರೆ ಕಿವಿ. ಯಾವ ತಪ್ಪಿಗೆ ಯಾವ ಜಾಗ ಎನ್ನುವುದರಲ್ಲಿ ಮೇಷ್ಟ್ರು ಎಂದೂ ಎಡವಿದವರಲ್ಲ. ಎರಡು ಸೀಟುಗಳ ನಡುವೆ ಗೇಣುದ್ದದ ರೂಲುದೊಣ್ಣೆ ಸದಾ ಮಲಗಿರುತ್ತಿತ್ತು. ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದ್ದರು. ಏಟು ತಿಂದವರಿಗೆ ನೋವು ಕಮ್ಮಿಯಾಗಲಿ ಎಂದಲ್ಲ, ತಮ್ಮ ಕೈ ಜಾರದಿರಲಿ ಎಂದು.

ಅವರು ಕಲಿತದ್ದೂ ಹಾಗೆಯೇ. ಮೀಸೆ ಚಿಗುರುವ ವಯಸ್ಸಿನಲ್ಲಿ ಲಾರಿ ಹತ್ತಿದಾಗ ಸಿಕ್ಕ ಗುರುವಿಗೆ ಬಾಯಿಗಿಂತ ಮೊದಲು ಕಾಲು ಮಾತಾಡುತ್ತಿತ್ತು. ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಬಿಟ್ಟದ್ದಕ್ಕೆ ಟಯರು ಬಿಚ್ಚುವ ಸರಳಿನಿಂದ ಮುಂಗೈ ಮುರಿದ. ಇನ್ನೊಮ್ಮೆ ಓಡುತ್ತಿದ್ದ ಲಾರಿಯಿಂದಲೇ ಒದ್ದು ಕೆಡವಿದ. ಶಿಷ್ಯ ಮೊಣಕೈ ಚರ್ಮವನ್ನು ರಸ್ತೆಗೆ ಬಿಟ್ಟುಕೊಟ್ಟು, ರಕ್ತ ಸುರಿಸುತ್ತಾ ಓಡಿಬಂದು ಮತ್ತೆ ಹತ್ತಿಕೊಂಡ. ಆ ಗುರುವಿನ ಏಟು ತಿಂದ ಒಂದು ಕಿವಿ ಇವತ್ತಿಗೂ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಇದನ್ನೆಲ್ಲ ಮೇಷ್ಟ್ರು ನಗುನಗುತ್ತಾ ಹೇಳುತ್ತಿದ್ದರು. ಆ ಸರಳು ಬೀಳದಿದ್ದರೆ ತಾನು ಎಂದೋ ಯಾವುದೋ ಕಣಿವೆಯ ಪಾಲಾಗುತ್ತಿದ್ದೆ ಎಂಬುದು ಅವರ ಗಟ್ಟಿ ನಂಬಿಕೆ. ಕೈ ಮುರಿದವನನ್ನೇ ಉಪಕಾರಿ ಎಂದು ಕೊಂಡಾಡುವ ಮನುಷ್ಯನಿಗೆ ಯಾರು ತಾನೇ ಬುದ್ಧಿ ಹೇಳಿಯಾರು.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಬಳಿಯೂ ಒಂದು ಬ್ರೇಕ್ ಪೆಡಲು ಇತ್ತು. ಅದನ್ನು ಅವರು ಮುಟ್ಟಿದವರಲ್ಲ. ಅದು ಕೈಲಾಗದ ಮೇಷ್ಟ್ರುಗಳಿಗೆ ಇಟ್ಟದ್ದು, ಪಕ್ಕದವನು ಬ್ರೇಕ್ ಒತ್ತಿದರೆ ಕಲಿಯುವವನು ಜನ್ಮದಲ್ಲಿ ಒತ್ತುವುದಿಲ್ಲ ಎಂದು ಅವರ ವಾದ. ಕಾಲನ್ನು ಸೀಟಿನ ಕೆಳಗೆ ಮಡಚಿಟ್ಟು, ದೊಣ್ಣೆಯ ಮೇಲೆ ಕೈಯಿಟ್ಟು ಕೂರುತ್ತಿದ್ದರು.

ಹಳೆಯ ಯಜಮಾನ ತೀರಿಕೊಂಡು ಮಗಳು ಸ್ಕೂಲು ನೋಡಿಕೊಳ್ಳತೊಡಗಿದ ಮೇಲೆ ಗಾಳಿ ಬದಲಾಯಿತು. ಹೊಸ ಯಜಮಾನಿ ಕ್ಲಚ್ಚೇ ಇಲ್ಲದ ಕಾರು ತಂದಳು. ಮುಂದಿನ ಕೋಣೆಯಲ್ಲಿ ಮೂರು ಪರದೆ, ಒಂದು ಸೀಟು, ಒಂದು ಸ್ಟೀರಿಂಗ್ ಜೋಡಿಸಿ ಸಿಮ್ಯುಲೇಟರ್ ಎಂದಳು. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ಕಾರಿನ ಕನ್ನಡಿಯ ಪಕ್ಕ ಒಳಮುಖವಾಗಿ ಒಂದು ಕ್ಯಾಮೆರಾ ಕೂರಿಸಿದಳು. ಕಲಿಯಲು ಬರುವವರೂ ಬೇರೆಯಾಗಿದ್ದರು. ಮೊಬೈಲಿನಲ್ಲಿ ಪಾಠ ನೋಡಿಕೊಂಡೇ ಬಂದು, ಸ್ವಲ್ಪ ಮೆತ್ತಗೆ ಮಾತಾಡಿ ಸಾರ್ ಎಂದು ಮೇಷ್ಟ್ರಿಗೇ ಹೇಳುತ್ತಿದ್ದರು. ಮೇಷ್ಟ್ರು ಒಳಗೊಳಗೇ ಹಲ್ಲು ಕಡಿಯುತ್ತಿದ್ದರು.

ಒಂದು ಬೆಳಿಗ್ಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ತಿರುವಿನಲ್ಲಿ ಹಳೇ ಕಾರಿನ ಗೇರು ತಪ್ಪಿಸಿದಳು. ದೊಣ್ಣೆ ತಾನಾಗಿಯೇ ಎದ್ದು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಗೆಣ್ಣುಗಳು ಊದಿ ನೀಲಿಯಾಗಿದ್ದವು. ಸಂಜೆ ಅವಳ ಅಣ್ಣ ಸ್ಕೂಲಿನ ಆಫೀಸಿಗೆ ನುಗ್ಗಿದ. ಮೇಷ್ಟ್ರ ಕೊರಳಪಟ್ಟಿ ಹಿಡಿದು ಮುಖವನ್ನು ಗಾಜಿನ ಕೌಂಟರಿಗೆ ಅಪ್ಪಳಿಸಿದ. ಗಾಜು ಸೀಳಿತು, ಮೂಗು ಒಡೆಯಿತು, ಮುಂದಿನ ಹಲ್ಲೊಂದು ಪೆನ್ನು ಇಡುವ ತಟ್ಟೆಯೊಳಗೆ ಹೋಗಿ ಬಿತ್ತು. ಬಿದ್ದವರ ಪಕ್ಕೆಗೆ ಮತ್ತೆರಡು ಒದ್ದು, ಈಗ ಕಲಿತುಕೊಂಡೆಯಾ ಎಂದು ಕೇಳಿ ಹೋದ. ಆ ಪ್ರಶ್ನೆಯನ್ನು ಮೇಷ್ಟ್ರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕೆಟ್ಟಿರುವ ಕಿವಿಗೆ ಬಿದ್ದಿತೋ ಏನೋ.

ಯಜಮಾನಿ ದೊಣ್ಣೆಯನ್ನು ಕಾರಿನಿಂದ ತೆಗೆಸಿ ಎಸೆದಳು. ತನ್ನ ತಂದೆಯ ಕಾಲದವರೆಂಬ ಮುಲಾಜಿಗೆ ಮೇಷ್ಟ್ರನ್ನು ಮನೆಗೆ ಕಳಿಸದೆ ಸಿಮ್ಯುಲೇಟರ್ ಕೋಣೆಯಲ್ಲಿ ಕೂರಿಸಿದಳು. ಅಲ್ಲಿ ಹುಡುಗ ಹುಡುಗಿಯರು ಪರದೆಯ ಮೇಲೆ ದನ, ಮುದುಕ, ಮಗು ಎನ್ನದೆ ಗುದ್ದುತ್ತಿದ್ದರು. ಪರದೆ ಒಮ್ಮೆ ಕೆಂಪಾಗಿ, ಮತ್ತೆ ಶುರು ಮಾಡಿ ಎನ್ನುತ್ತಿತ್ತು. ಅವರು ನಕ್ಕು ಮತ್ತೆ ಶುರು ಮಾಡುತ್ತಿದ್ದರು. ಸಾವು ಇಷ್ಟು ಅಗ್ಗವಾದರೆ ಇವರಿಗೆ ಭಯ ಹುಟ್ಟುವುದೆಲ್ಲಿಂದ ಎಂದು ಮೇಷ್ಟ್ರಿಗೆ ಹೊಟ್ಟೆ ಉರಿಯುತ್ತಿತ್ತು.

ಆಗಲೇ ಮೇಷ್ಟ್ರ ಸ್ವಂತ ಮಗಳ ವಿಷಯ ಬಂದದ್ದು. ಅವಳು ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದಳು. ಲೈಸೆನ್ಸ್ ಮಾಡಿಸಿಕೊಂಡರೆ ಆಂಬುಲೆನ್ಸ್ ಓಡಿಸಲು ಕೊಡುತ್ತೇವೆ ಎಂದು ಅಲ್ಲಿಯವರು ಹೇಳಿದ್ದರು. ಆ ಸುದ್ದಿ ತಂದ ದಿನ ಅವಳು ಊಟದ ತಟ್ಟೆಯ ಮುಂದೆ ಕುಳಿತೇ ಸೈರನ್ನಿನ ದನಿ ಮಾಡಿ ತಾಯಿಯನ್ನು ನಗಿಸಿದ್ದಳು. ಬೇರೆ ಏನನ್ನೂ ಅವಳು ಹೀಗೆ ಬಾಯಿಬಿಟ್ಟು ಬಯಸಿದ್ದಿಲ್ಲ. ಯಜಮಾನಿಯ ಹತ್ತಿರ ಕಲಿಯುತ್ತೇನೆ ಎಂದಾಗ ಮಾತ್ರ ಮೇಷ್ಟ್ರು ತಟ್ಟೆ ತಳ್ಳಿ ಎದ್ದರು. ಊರಿಗೆಲ್ಲ ಕಲಿಸಿದವನ ಮಗಳು ಟೀವಿ ಮುಂದೆ ಕೂತು ಕಲಿಯುವುದೇ ಎಂದು ಮನೆಯ ಸೂರು ಹಾರಿಹೋಗುವಂತೆ ಕೂಗಾಡಿದರು. ಹೆಂಡತಿ, "ರೀ, ಕಲಿಸೋದಾದ್ರೆ ಬಾಯಲ್ಲಿ ಕಲಿಸಿ. ಅವಳ ಮೈ ಮುಟ್ಟಬೇಡಿ," ಎಂದಳು. ಮೇಷ್ಟ್ರು ಹೂಂ ಎಂದರು.

ಎರಡು ದಿನ ಬಾಯಲ್ಲೇ ಕಲಿಸಿದರು. ಮೂರನೆಯ ದಿನ ದೊಣ್ಣೆಯ ಕೆಲಸವನ್ನು ಅಂಗೈ ವಹಿಸಿಕೊಂಡಿತು. ಊರಾಚೆಯ ಬಯಲಿನಲ್ಲಿ, ಮನೆಯ ಹಳೇ ಕಾರಿನೊಳಗೆ, ಯಾವ ಕ್ಯಾಮೆರಾದ ಕಣ್ಣೂ ಇಲ್ಲದ ಕಡೆ, ಕೈ ಎದ್ದೆದ್ದು ಬಿತ್ತು. ಕೆನ್ನೆಗೆ, ಕುತ್ತಿಗೆಗೆ, ತಲೆಗೆ. ಒಮ್ಮೆ ಅವಳ ಹಣೆ ಸ್ಟೀರಿಂಗಿಗೆ ಬಡಿದು ಹಾರ್ನು ತಾನೇ ಕೂಗಿಕೊಂಡಿತು. ಅವಳು ಮತ್ತೆ ಸ್ಟಾರ್ಟ್ ಮಾಡಿದಳು. ಕೆನ್ನೆಯ ಗುರುತಿಗೆ ತಾಯಿಯ ಮುಂದೆ ಸ್ಟ್ರೆಚರ್ ತಗುಲಿದ ನೆಪ ಹೇಳಿದಳು. ಸುಳ್ಳೇಕೆ ಹೇಳೋಣ, ಕಲಿತಳು ಮಾತ್ರ ಚೆನ್ನಾಗಿಯೇ ಕಲಿತಳು. ಸೂಜಿಯಲ್ಲಿ ದಾರ ಪೋಣಿಸಿದಂತೆ ಸಂದಿಯೊಳಗೆ ಕಾರು ನುಗ್ಗಿಸಿ ನಿಲ್ಲಿಸುತ್ತಿದ್ದಳು. ಟೀ ಅಂಗಡಿಯಲ್ಲಿ ಮೇಷ್ಟ್ರ ಎದೆ ಉಬ್ಬಿತ್ತು. ಯಂತ್ರದ ಮುಂದೆ ಕೂತ ಒಬ್ಬರನ್ನಾದರೂ ಇವಳ ಪಕ್ಕ ನಿಲ್ಲಿಸಿ ನೋಡೋಣ ಎಂದು ಸವಾಲು ಹಾಕುತ್ತಿದ್ದರು.

ಈಗಿನ ಲೈಸೆನ್ಸ್ ಪರೀಕ್ಷೆಗೆ ಸ್ಕೂಲಿನ ಕಾರೇ ಬೇಕು. ಹಿಂದಿನ ದಿನ ಅದರಲ್ಲಿ ಕೊನೆಯ ಸುತ್ತು ಹೋಗಿಬರಲು ಯಜಮಾನಿ ಕೀಲಿ ಕೊಟ್ಟಳು. ಮೇಷ್ಟ್ರೇ, ಕ್ಯಾಮೆರಾ ಆನ್ ಇದೆ ಎಂದು ನೆನಪಿಸಿದಳು. ಅಂದು ಮೇಷ್ಟ್ರಿಗೆ ಕೈಯೆತ್ತುವ ಮನಸ್ಸೂ ಇರಲಿಲ್ಲ, ಕಾರಣವೂ ಇರಲಿಲ್ಲ. ಮಗಳು ಹಾಡು ಗುನುಗುತ್ತಾ ಓಡಿಸುತ್ತಿದ್ದಳು.

ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ, ನಿಂತಿದ್ದ ವ್ಯಾನಿನ ಮರೆಯಿಂದ ಗುಜರಿಯವನೊಬ್ಬ ತಳ್ಳುಗಾಡಿಯೊಂದಿಗೆ ಅಡ್ಡ ಬಂದ. ಮೇಷ್ಟ್ರು ಮೊದಲು ಕಂಡರು. ಅಲ್ಲಿ ನೋಡು ಎಂದು ತೋರಿಸಲು ಕೈಯೆತ್ತಿದರು.

ಮಗಳು ಸ್ಟೀರಿಂಗ್ ಬಿಟ್ಟಳು. ಎರಡೂ ತೋಳುಗಳನ್ನು ತಲೆಯ ಮೇಲೆ ಕವುಚಿಕೊಂಡು, ಕಣ್ಣು ಮುಚ್ಚಿ, ಸೀಟಿನಲ್ಲಿ ಮುದುಡಿದಳು. ಮೈಯೆಲ್ಲ ಬಿಗಿದು ಕಾಲು ವೇಗದ ಪೆಡಲಿನ ಮೇಲೆ ಇನ್ನಷ್ಟು ಒತ್ತಿತು. ಮೇಷ್ಟ್ರ ಕಾಲು ಸೀಟಿನ ಕೆಳಗೆ ಮಡಚಿಕೊಂಡೇ ಇತ್ತು. ಅದು ಎಂದೂ ಮುಟ್ಟದ ಬ್ರೇಕನ್ನು ಹುಡುಕುವಷ್ಟರಲ್ಲಿ ಕಾರು ಗಾಡಿಯನ್ನು ಗುದ್ದಿತು. ಹಳೇ ಕಬ್ಬಿಣವೆಲ್ಲ ಮುಂದಿನ ಗಾಜು ಒಡೆದು ಒಳಗೆ ನುಗ್ಗಿತು. ಒಂದು ಸರಳು ಮಗಳ ಮುಂಗೈಯನ್ನು ಸೀಳಿ, ಹುಬ್ಬಿನಿಂದ ಕಿವಿಯವರೆಗೆ ಗೀರಿತು. ಗುಜರಿಯವನ ತೊಡೆ ಗೋಡೆಗೂ ಬಂಪರಿಗೂ ನಡುವೆ ಸಿಕ್ಕಿ ಲಟಕ್ಕೆಂದು ಮುರಿದ ಸದ್ದು ಮೇಷ್ಟ್ರ ಕೆಟ್ಟ ಕಿವಿಗೂ ಕೇಳಿಸಿತು. ಅವನ ಚೀರಾಟ ನಿಲ್ಲಲೇ ಇಲ್ಲ. ಜನ ಸೇರಿ ಮೇಷ್ಟ್ರನ್ನು ಹೊರಗೆಳೆದು ಬಡಿದರು. ಅವರು ತಡೆಯಲಿಲ್ಲ, ಮಗಳ ಹೆಸರನ್ನೇ ಕೂಗುತ್ತಿದ್ದರು.

ಪೊಲೀಸರ ಮುಂದೆ ಯಜಮಾನಿ ಕ್ಯಾಮೆರಾದ ಚಿತ್ರ ತೋರಿಸಿದಳು. ಅಪ್ಪನ ಕೈ ಏಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಗಳ ಎರಡೂ ಕೈ ಏಳುತ್ತವೆ. ಮೇಷ್ಟ್ರು ಹೇಳಿದರು: "ನಾನು ಹೊಡೆಯೋಕೆ ಹೋಗ್ಲಿಲ್ಲಮ್ಮಾ. ತೋರ್ಸೋಕೆ ಹೋದೆ."

"ನನಗೆ ಕಾಣಿಸ್ತಿದೆ ಮೇಷ್ಟ್ರೇ," ಎಂದಳು ಯಜಮಾನಿ. "ಅವಳಿಗೆ ಹೇಗೆ ಗೊತ್ತಾಗಬೇಕು?"

ಆಸ್ಪತ್ರೆಯಲ್ಲಿ ಮಗಳ ಮುಖದ ಅರ್ಧ ಬ್ಯಾಂಡೇಜಿನೊಳಗಿತ್ತು. ತಾಯಿ ಮಂಚದ ತಲೆಯ ಕಡೆ ಕುಳಿತಿದ್ದಳು. ಗಂಡನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಪಕ್ಕದ ವಾರ್ಡಿನಿಂದ ಗುಜರಿಯವನ ನರಳಾಟ ಕೇಳುತ್ತಿತ್ತು. ಮೇಷ್ಟ್ರು ಬಾಗಿಲಲ್ಲೇ ನಿಂತು, ಗಾಯ ಮಾಯಲಿ, ಪರೀಕ್ಷೆ ಇನ್ನೊಮ್ಮೆ ಕಟ್ಟೋಣ, ಯಜಮಾನಿಯ ಹತ್ತಿರವೇ ಕಲಿ, ನಾನು ಆ ಕಡೆ ತಲೆಯೂ ಹಾಕುವುದಿಲ್ಲ ಎಂದರು. ಜೀವನದಲ್ಲಿ ಮೊದಲ ಸಲ ಅವರು ಯಾರನ್ನೋ ಬೇಡಿಕೊಳ್ಳುತ್ತಿದ್ದರು.

"ಬೇಡಪ್ಪಾ," ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಆಂಬುಲೆನ್ಸ್ ಹಿಂದೆ ಜೀವ ಹಿಡ್ಕೊಂಡು ಮಲಗಿರೋರು ಇರ್ತಾರೆ. ರಸ್ತೇಲಿ ಯಾರಾದ್ರೂ ಕೈ ಎತ್ತಿದ್ರೆ ನಾನೇನ್ ಮಾಡ್ತೀನಿ ಅಂತ ನನಗೀಗ ಗೊತ್ತು. ನಾನು ಸ್ಟ್ರೆಚರ್ರೇ ತಳ್ತೀನಿ."

ಮೇಷ್ಟ್ರು ಹೊರಗೆ ಬಂದು ಗೇಟಿನ ಬಳಿ ನಿಂತರು. ತಿರುವಿನಿಂದ ಒಂದು ಬಸ್ಸು ಇತ್ತ ಹೊರಳಿತು. ಸ್ಟೀರಿಂಗಿನ ಹಿಂದಿದ್ದವನು ಹಳೆಯ ಶಿಷ್ಯ, ಕಿವಿಯ ಹಿಂದೆ ಏಟು ತಿಂದು ತಿಂದು ಕಲಿತವನು. ಮೇಷ್ಟ್ರನ್ನು ಕಂಡು ಖುಷಿಯಿಂದ ಹಾರ್ನು ಬಾರಿಸಿದ. ಅಭ್ಯಾಸಬಲದಿಂದ ಮೇಷ್ಟ್ರ ಕೈ ಅರ್ಧ ಮೇಲೆದ್ದಿತು. ಬಸ್ಸಿನ ತುಂಬ ಜನ. ಬಾಗಿಲಲ್ಲಿ ಜೋತುಬಿದ್ದವರು, ಕಿಟಕಿಗೆ ಮೂಗು ಒತ್ತಿಕೊಂಡ ಮಗು. ಮೇಷ್ಟ್ರು ಆ ಕೈಯನ್ನು ಕೆಳಗೆಳೆದುಕೊಂಡು, ಇನ್ನೊಂದು ಕೈಯಿಂದ ಬೆನ್ನ ಹಿಂದೆ ಬಿಗಿಯಾಗಿ ಹಿಡಿದು, ಬಸ್ಸು ಪೂರ್ತಿ ದಾಟಿಹೋಗುವವರೆಗೂ ಅಲುಗಾಡದೆ ನಿಂತರು.