ಎರಡನೇ ಸುತ್ತಿನವರು

ನನ್ನ ಅಮ್ಮ ಲಕ್ಷ್ಮಿದೇವಿ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಅವಳ ಕೈಯ ಸಾರು ಉಂಡು ಬೆಳೆದವರು ಈಗ ತಮ್ಮ ಮಕ್ಕಳನ್ನು ಅದೇ ಶಾಲೆಗೆ ಕಳಿಸುತ್ತಿದ್ದಾರೆ. ಆದರೂ ಊರಲ್ಲಿ ಯಾರಿಗಾದರೂ ಅವಳ ಮೇಲೆ ಸಿಟ್ಟು ಬಂದರೆ ಬಾಯಿಗೆ ಬರುವುದು ಒಂದೇ ಮಾತು: "ದೋಣಿ ಮುಳುಗುಸ್ದೋನ ಮಗಳು." ಅನ್ನ ಮುದ್ದೆಯಾದರೂ ಅದೇ ಮಾತು, ನಲ್ಲಿಯ ಹತ್ತಿರ ಜಗಳವಾದರೂ ಅದೇ ಮಾತು.

ನಾನು ಸಂಘಮಿತ್ರ, ಹುಣಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ನನಗೆ ಕೋಪ ಜಾಸ್ತಿ ಅನ್ನುತ್ತಾರೆ. ಇದನ್ನು ಪೂರ್ತಿ ಓದಿದ ಮೇಲೂ ನಿಮಗೆ ಕೋಪ ಬರದಿದ್ದರೆ, ಆಗ ನನ್ನದು ಜಾಸ್ತಿ ಅಂತ ಒಪ್ಪಿಕೊಳ್ಳುತ್ತೇನೆ.

ನಮ್ಮ ಊರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿನ ಅಂಚಿನಲ್ಲಿದೆ. ಅಣೆಕಟ್ಟೆ ಬಂದು ಹಳೇ ರಸ್ತೆ ನೀರೊಳಗೆ ಹೋದ ಮೇಲೆ ಆ ಕಾಲದಲ್ಲಿ ಊರಿಗೆ ದೋಣಿಯೇ ದಾರಿಯಾಗಿತ್ತು. ದೋಣಿ ಪಟೇಲರ ಮನೆಯದು. ಭೇರ್ಯದಲ್ಲಿ ಮದುವೆ ಮುಗಿಸಿ ಹೆಣ್ಣನ್ನು ನಮ್ಮೂರಿಗೆ ಕರೆತರುತ್ತಿದ್ದ ದಿಬ್ಬಣವೊಂದು ಆ ದೋಣಿ ಹತ್ತಿತು. ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದರು. ನೀರಿನ ನಡುವೆ ದೋಣಿ ಮಗುಚಿತು. ಮದುಮಗನೂ ಸೇರಿ ಕೆಲವರು ಸತ್ತರು, ಉಳಿದವರು ಬದುಕಿದರು. ಮಾರನೆಯ ದಿನ ಸಿಕ್ಕ ಹೆಣಗಳಲ್ಲಿ ನನ್ನ ಅಜ್ಜ ಚಿಕ್ಕಮಾದುವಿನದೂ ಒಂದು. ಅವನ ಕೈಯಲ್ಲಿ ದೋಣಿಯ ಹುಟ್ಟು ಇತ್ತು. ಅಷ್ಟೇ ಸಾಕಾಯಿತು. ಹುಟ್ಟು ಹಿಡಿದವನೇ ಅಂಬಿಗ, ಅಂಬಿಗನದೇ ತಪ್ಪು ಅಂತ ಪಂಚಾಯಿತಿ ಕಟ್ಟೆಯಲ್ಲಿ ತೀರ್ಮಾನವಾಯಿತು. ಅಜ್ಜಿ ಹೇಳುತ್ತಿದ್ದ ಹಾಗೆ, ನಿಜವಾಗಿ ಹುಟ್ಟು ಹಾಕುತ್ತಿದ್ದವನು ಪಟೇಲರ ಹಿರೀ ಮಗ. ಅವನು ಈಜಿ ಬಂದು ಮನೆ ಸೇರಿ, ಬೆಚ್ಚಗೆ ಮುದ್ದೆ ಉಂಡು ಮಲಗಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ಅಮ್ಮ ಆಗ ಹೊಟ್ಟೆಯಲ್ಲಿದ್ದಳು. ಅಜ್ಜಿ ಮರಮ್ಮ ಅಜ್ಜನ ಜೊತೆ ಸರಗೂರು ಸಂತೆಯಿಂದ ವಾಪಸ್ ಬರುತ್ತಾ ಆಚೆ ದಡದಲ್ಲಿದ್ದಳು. "ದಡದಲ್ಲಿ ಕಾಯ್ತಾ ಕೂತಿದ್ವಿ. ಜನ ಬಡ್ಕಳದು ನೋಡಿ ನೀರಿಗೆ ಬಿದ್ದ. ಈ ಹೊಳೇಲಿ ಅವನಂಗೆ ಈಜೋನು ಇರ್ಲಿಲ್ಲ" ಎಂದು ಸಾಯುವ ತನಕ ಹೇಳಿದಳು. ಹೆಂಡತಿ ಗಂಡನ ಪರ ಮಾತಾಡದೆ ಇನ್ನೇನು ಮಾಡುತ್ತಾಳೆ ಎಂದು ಊರು ನಕ್ಕಿತು.

ಅಮ್ಮ ಆ ಮಾತಿಗೆ ಸಾಕ್ಷಿ ಹುಡುಕಲು ಹೊರಟಿದ್ದು ಅಜ್ಜಿ ಸತ್ತ ಮೇಲೆ. ನಾನು ಸ್ಕೂಟಿ ಕೊಂಡ ಮೇಲೆ ಅವಳಿಗೆ ಕಾಲು ಬಂದಂತಾಯಿತು. ಭಾನುವಾರ ಬಂದರೆ ಸಾಕು, ತಲೆಗೆ ಸೆರಗು ಸುತ್ತಿಕೊಂಡು ಹಿಂದೆ ಹತ್ತುತ್ತಿದ್ದಳು. ಆವತ್ತು ಬದುಕಿದವರು ಎಲ್ಲೆಲ್ಲೋ ಚದುರಿದ್ದರು. ವೀರನಹೊಸಹಳ್ಳಿಯಲ್ಲಿ ಒಬ್ಬರು ನಾವು ಯಾರ ಕಡೆಯವರು ಅಂತ ಗೊತ್ತಾದ ಕೂಡಲೇ ದನಕ್ಕೆ ನೀರು ಕುಡಿಸಬೇಕು ಅಂತ ಎದ್ದುಹೋದರು. ಪಿರಿಯಾಪಟ್ಟಣದಲ್ಲಿ ಮಹದೇವಯ್ಯ ಎಂಬ ಮುದುಕರು, "ನೀರಲ್ಲಿ ಮುಳುಗೋನ್ಗೆ ಎಳುದ್ ಕೈ ಯಾರ್ದು ಅಂತ ಗೊತ್ತಾಯ್ತದಾ ತಾಯಿ?" ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟರು. ಮೈಸೂರಿನ ಲೈಬ್ರರಿಯಲ್ಲಿ ಹಳೇ ಪತ್ರಿಕೆ ತೆಗೆಸಿ ನೋಡಿದೆವು. ದೋಣಿ ದುರಂತ ಅಂತ ನಾಲ್ಕು ಸಾಲು ಇತ್ತು. ಕಾಪಾಡಿದವರ ಸುದ್ದಿಯೇ ಇಲ್ಲ. ಬದುಕಿದವರೆಲ್ಲ ತಾವೇ ತೇಲಿ ಬಂದರೇನೋ!

ಹೀಗಿರುವಾಗ ಊರಲ್ಲಿ ಪ್ರವಾಸಿಗರಿಗೆ ಅಂತ ಹೊಸ ದೋಣಿಕಟ್ಟೆ ಕಟ್ಟಿದರು. ಅಲ್ಲಿ ಹಳೇ ದುರಂತದ ನೆನಪಿಗೆ ಒಂದು ಕಲ್ಲು ನಿಲ್ಲಿಸುವುದಾಗಿ ಸಮಿತಿ ಹೇಳಿತು. ಸಮಿತಿಯ ಅಧ್ಯಕ್ಷರು ಪಟೇಲರ ಕಿರೀ ಮಗ ಪುಟ್ಟಮಲ್ಲಪ್ಪ. ಅಮ್ಮ ಶಾಲೆಯಿಂದ ಬರುವಾಗ ಕೆತ್ತುತ್ತಿದ್ದ ಕಲ್ಲನ್ನು ನೋಡಿ ಬಂದು, ನೀನೇ ಹೋಗಿ ಓದು ಅಂದಳು. ನಾನು ಹೋಗಿ ಓದಿದೆ. "ಅಂಬಿಗ ಚಿಕ್ಕಮಾದುವಿನ ಅಜಾಗರೂಕತೆಯಿಂದ ದೋಣಿ ಮಗುಚಿ, ಪಟೇಲರ ಮನೆತನದವರ ಸಾಹಸದಿಂದ ಹಲವರು ಬದುಕುಳಿದರು."

ಇಷ್ಟು ದಿನ ಅದು ಬಾಯಿಮಾತಾಗಿತ್ತು. ಬಾಯಿಮಾತು ಹೇಳಿದವರ ಜೊತೆಗೇ ಸಾಯುತ್ತದೆ. ಕಲ್ಲು ಸಾಯುವುದಿಲ್ಲ. ನನ್ನ ಮೊಮ್ಮಕ್ಕಳೂ ಅದನ್ನು ಓದಬೇಕು. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತಾರೆ. ಅಜ್ಜ ಉಪಕಾರ ಮಾಡಿಯೇ ಹೆಣವಾಗಿದ್ದ. ಶೃಂಗಾರ ಬೇಡ, ಮಸಿಯನ್ನಾದರೂ ಬಳಿಯದೆ ಬಿಡಬಾರದಿತ್ತೇ?

ಇನ್ನು ಉಳಿದಿದ್ದವರು ಒಬ್ಬರೇ, ಆ ದಿಬ್ಬಣದ ಮದುಮಗಳು ದೊಡ್ಡತಾಯಮ್ಮ. ಮದುವೆಯಾದ ಮರುದಿನವೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಈಗ ಭೇರ್ಯದಲ್ಲಿ ತಮ್ಮನ ಮಗ ಪುಟ್ಟಸ್ವಾಮಿಯ ಮನೆಯಲ್ಲಿದ್ದಾರೆ. ಗದ್ದೆ ಬಯಲಿನ ಪಕ್ಕದ ದೊಡ್ಡ ಮನೆ. ನಮ್ಮನ್ನು ಜಗುಲಿಯಲ್ಲಿ ಕೂರಿಸಿ ಟೀ ಕೊಟ್ಟರು. ಅವರಿಗೆಲ್ಲ ಸ್ಟೀಲ್ ಲೋಟ, ನಮಗಿಬ್ಬರಿಗೆ ಪೇಪರ್ ಲೋಟ. ನಾನು ಅದನ್ನು ಮುಟ್ಟಲಿಲ್ಲ. ಅಮ್ಮ ಕುಡಿದಳು, ಕೆಲಸ ಆಗಬೇಕಿತ್ತು.

"ನಮ್ಮಪ್ಪ ದೋಣೀಲಿ ಹುಟ್ ಹಾಕ್ತಿದ್ದದ್ದನ್ನ ನೀವು ನೋಡುದ್ರಾ ಅವ್ವ?" ಎಂದು ಅಮ್ಮ ಕೇಳಿದಳು.

ಮುದುಕಿ ಬೆಚ್ಚಿಬಿದ್ದಂತೆ ನೋಡಿದರು. "ನಿಮ್ಮಪ್ಪ ದೋಣೀಲಿ? ಯಾರವ್ವ ಅಂಗಂದೋರು? ದಿಬ್ಬಣದ ದೋಣಿ ಕಣವ್ವ ಅದು. ಅದ್ರಲ್ಲಿ ನಿಮ್ಮೋರ್ನ ಕೂರುಸ್ಕತಾರಾ? ನಾವು ಇಳುದ್ ಮ್ಯಾಲೆ ಎರಡ್ನೇ ಸುತ್ತು ನಿಮ್ಮೋರ್ಗೆ. ಅಂಗೇ ಇದ್ದದ್ದು."

ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ. ದಿಬ್ಬಣಕ್ಕೆ ಮೈಲಿಗೆಯಾಗಿರಲಿಲ್ಲ ಅಂತ ನಮಗೆ ಧೈರ್ಯ ಹೇಳುವ ಹಾಗಿತ್ತು. ಆಮೇಲೆ ದನಿ ತಗ್ಗಿತು. "ನಿಮ್ಮಪ್ಪ ದಡದಿಂದ ಈಜ್ಕಂಡು ಬಂದ. ತೇಲ್ತಿದ್ ಹುಟ್ಟ ಹಿಡ್ದು ನನ್ ಕಡೀಕೆ ಚಾಚ್ದ. ಆ ತುದಿ ಅವನು, ಈ ತುದಿ ನಾನು. ನನ್ನ ದಡಕ್ ಬುಟ್ಟು ತಿರುಗ ಹೋದ. ಅವನು ಮುಟ್ಟಿದ ಅಂತ ಮನೇಲಿ ನನ್ನ ಗಂಜಲದಲ್ಲಿ ಮೀಸುದ್ರು. ಬಾಯ್ ಬುಟ್ರೆ ಕುಲದಿಂದ ಆಚೀಗೆ ಅಂದ್ರು."

ಗಂಡ ಸತ್ತ ದಿನ, ಜೀವ ಉಳಿಸಿದ ಕೈಯ ಮೈಲಿಗೆ ತೊಳೆಯಲು ದನದ ಗಂಜಲ! ಫೋನ್ ತೆಗೆದು ರೆಕಾರ್ಡ್ ಮಾಡಲು ಹೋದರೆ ಪುಟ್ಟಸ್ವಾಮಿ ಅಡ್ಡ ಬಂದರು. "ಅತ್ತೆಗೆ ವಯಸ್ಸಾಗ್ಯದೆ, ಏನೇನೋ ಅಂತದೆ. ಹಳೇದ್ನೆಲ್ಲ ಈಗ್ಯಾಕೆ ಕೆದಕ್ತೀರಿ? ಅತ್ತೆ ಸಾಕ್ಷಿ ಹೇಳಾಕೆ ಎಲ್ಲಿಗೂ ಬರಾಕಿಲ್ಲ." ನಾನು ಜಗಳಕ್ಕೆ ನಿಂತೆ. ಅಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

ವಾಪಸ್ ಬರುವಾಗ ಕೆ.ಆರ್. ನಗರ ದಾಟಿದೆವು. ಆಮೇಲೆ ಗಾಡಿ ನಿಲ್ಲಿಸು ಅಂದಳು. ರಸ್ತೆ ಪಕ್ಕ ನಿಂತು ತನ್ನ ಹಣೆಗೆ ತಾನೇ ಬಡಿದುಕೊಂಡಳು. "ಕಾಯ್ತಾ ಕೂತಿದ್ವಿ ಅಂತ ನಮ್ಮವ್ವ ಸಾವ್ರ ಸರ್ತಿ ಹೇಳ್ತಲ್ಲ ಕಣೆ. ಯಾಕ್ ಕಾಯ್ತಿದ್ರಿ ಅಂತ ನಾ ಒಂದ್ ಸರ್ತೀನೂ ಕೇಳ್ಲಿಲ್ವಲ್ಲ!"

ಅಜ್ಜಿ ಹೇಳಲೂ ಇಲ್ಲ. ಯಾಕೆ ಹೇಳುತ್ತಾಳೆ? ನಮ್ಮ ಕೇರಿಯವರು ದೋಣಿಗೆ ಕೊನೆಗೆ ಹತ್ತುವುದು, ನಲ್ಲಿಗೆ ಕೊನೆಗೆ ಹೋಗುವುದು, ಪಂಕ್ತಿಯಲ್ಲಿ ಕೊನೆಗೆ ಕೂರುವುದು ಅವಳಿಗೆ ಹೊತ್ತು ಹುಟ್ಟಿ ಮುಳುಗುವಷ್ಟೇ ಸಹಜ. ದಲಿತರಿಗೆ ಆ ದೋಣಿಯಲ್ಲಿ ಜಾಗವೇ ಇರಲಿಲ್ಲ ಅನ್ನುವುದೇ ಸಾಕ್ಷಿ. ಆ ಸಾಕ್ಷಿ ಮನೆಯಲ್ಲೇ ಇತ್ತು, ನಾವು ಮೂರು ತಾಲ್ಲೂಕು ತಿರುಗಿದೆವು. ಅವಮಾನಕ್ಕೆ ಅಷ್ಟು ಒಗ್ಗಿಹೋಗಿದ್ದೆವಲ್ಲ ಅಂತ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದಿದ್ದು ಆಗಲೇ.

ಕಲ್ಲು ತೆರೆಯುವ ದಿನ ಶಾಮಿಯಾನ, ಮೈಕು, ಊರೆಲ್ಲ ಸೇರಿತ್ತು. ಪುಟ್ಟಮಲ್ಲಪ್ಪ ಮಾತು ಮುಗಿಸುವ ಮೊದಲೇ ಅಮ್ಮ ಎದ್ದು ನಿಂತಳು.

"ಅಯ್ನೋರೆ, ನಮ್ಮಪ್ಪ ಆ ದೋಣೀಲಿ ಇರ್ಲಿಲ್ಲ. ನಮ್ ಕೇರಿಯೋರ್ನ ದಿಬ್ಬಣದ್ ಜತೆ ನೀವು ಹತ್ತುಸ್ಕತಿರ್ಲಿಲ್ಲ. ಹೌದೋ ಅಲ್ವೋ ಹೇಳಿ."

ಪುಟ್ಟಮಲ್ಲಪ್ಪ ನಕ್ಕರು. ಅವರ ಮುಂದಿದ್ದವು ಎರಡೇ ದಾರಿ. ಹೌದು ಅಂದರೆ ಅಜ್ಜನ ಮೇಲಿನ ತಪ್ಪಿನ ಜೊತೆ ಊರಿನ ಮಾನವೂ ಹೋಗುತ್ತಿತ್ತು, ಅಲ್ಲ ಅಂದರೆ ಹಸಿ ಸುಳ್ಳು. ಅವರು ಆರಿಸಿಕೊಂಡದ್ದು ಸುಳ್ಳನ್ನು. "ನಮ್ಮೂರಲ್ಲಿ ಭೇದಭಾವ ಅನ್ನೋದು ಯಾವತ್ತೂ ಇರ್ಲಿಲ್ಲ ಕಣಮ್ಮ ಲಕ್ಷ್ಮಿ. ಆಗ್ಲೂ ಇಲ್ಲ, ಈಗ್ಲೂ ಇಲ್ಲ. ಎಲ್ರೂ ಒಂದೇ ದೋಣೀಲೇ ಓಡಾಡ್ತಿದ್ವಿ." ಜನ ಚಪ್ಪಾಳೆ ತಟ್ಟಿದರು. ಗೊತ್ತಿದ್ದ ಮುದುಕರೂ ತಟ್ಟಿದರು. ನನ್ನ ಮೈ ಉರಿದುಹೋಯಿತು.

ಕಟ್ಟೆಗೆ ಹೊಸ ಮೋಟಾರು ದೋಣಿ ಕಟ್ಟಿತ್ತು, ಚೆಂಡುಹೂವಿನ ಹಾರ ಹಾಕಿದ್ದರು. ಮೊದಲ ಸುತ್ತಿಗೆ ಸಮಿತಿಯವರು ಹೋಗಬೇಕಿತ್ತು. ಅಮ್ಮ ನೆಟ್ಟಗೆ ನಡೆದು ಹೋಗಿ ದೋಣಿ ಹತ್ತಿ, ಮುಂದಿನ ಸೀಟಿನ ನಡುವೆ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ದೋಣಿ ನಡೆಸುವ ಹುಡುಗ ಸುರೇಶ್ ನಮಗೆ ಲೈಫ್ ಜಾಕೆಟ್ ಕೊಟ್ಟ.

"ಬನ್ನಿ ಅಯ್ನೋರೆ," ಎಂದಳು ಅಮ್ಮ ಗಟ್ಟಿಯಾಗಿ. "ಒಂದೇ ದೋಣೀಲಿ ಓಗ್ ಬರಾನ."

ಪುಟ್ಟಮಲ್ಲಪ್ಪ ಮೆಟ್ಟಿಲಿಳಿದು ಬಂದರು. ಅಮ್ಮ ಸರಿದು ಜಾಗ ಮಾಡಿದಳು. ಅವರು ಒಂದು ಕಾಲನ್ನು ದೋಣಿಯ ಅಂಚಿಗೆ ಇಟ್ಟು, ಅಮ್ಮನ ಪಕ್ಕದ ಖಾಲಿ ಜಾಗ ನೋಡಿದರು. ಹಿಂದೆ ನಿಂತಿದ್ದ ಸಮಿತಿಯವರನ್ನು ನೋಡಿದರು. ಕಾಲನ್ನು ವಾಪಸ್ ತೆಗೆದರು.

"ನೀವು ಓಗ್ಬನ್ನಿ," ಎಂದರು. "ನಾವು ಎರಡನೇ ಸುತ್ತಿಗೆ ಬತ್ತೀವಿ."

ಅವರ ಕೊರಳಪಟ್ಟಿಗೆ ಸಿಕ್ಕಿಸಿದ್ದ ಮೈಕನ್ನು ಆರಿಸಿರಲಿಲ್ಲ. ಆ ಮಾತು ಶಾಮಿಯಾನದ ಕೊನೆಯ ಕುರ್ಚಿಯವರೆಗೂ ಕೇಳಿಸಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಲ್ಲಿನ ಮೇಲಿನ ಆ ಸಾಲನ್ನು ಅದೇ ವಾರ ಯಾರಿಗೂ ಹೇಳದೆ ಉಜ್ಜಿ ತೆಗೆದರು. ಕಾಪಾಡಿದವನು ಅಂತ ಅಜ್ಜನ ಹೆಸರನ್ನು ಬರೆಯುವಷ್ಟು ದೊಡ್ಡ ಮನಸ್ಸು ಇನ್ನೂ ಬಂದಿಲ್ಲ.

ದೋಣಿಯಲ್ಲಿ ಸುರೇಶ್ ಒಮ್ಮೆ ದಡ ನೋಡಿದ, ಒಮ್ಮೆ ನಮ್ಮನ್ನು ನೋಡಿದ. "ಅಕ್ಕ, ಅವರು ಬರಾಕಿಲ್ವಾ? ಕಾಯ್ಲಾ?"

"ಯಾಕಪ್ಪ ಕಾಯ್ಬೇಕು?" ಎಂದಳು ಅಮ್ಮ. "ಅವರು ಎರಡ್ನೇ ಸುತ್ತಿನೋರು. ನೀ ಹೊರಡು."